ಅಟ್ಟದ ಮೇಲಿನ ಸ್ಕೋಪ್ ರೀಲುಗಳು: ಚಿತ್ರ ಕೆಟ್ಟಿಲ್ಲ, ಫಿಲ್ಮ್ ಕೆಡುತ್ತಿದೆ

ಪ್ರಶ್ನೆ: ನಮ್ಮ ತಂದೆಯವರು ತೀರ್ಥಹಳ್ಳಿ, ಕೊಪ್ಪದ ಸುತ್ತಮುತ್ತ ಬಹಳ ವರ್ಷ ಟೂರಿಂಗ್ ಟಾಕೀಸ್ ನಡೆಸಿದವರು. ಅವರು ತೀರಿಕೊಂಡ ಮೇಲೆ ಈ ಬೇಸಿಗೆಯಲ್ಲಿ ಅಟ್ಟ ಶುಚಿ ಮಾಡುವಾಗ ಎಂಟು ತಗಡಿನ ಡಬ್ಬಿಗಳಲ್ಲಿ ಒಂದು ಕನ್ನಡ ಚಿತ್ರದ ರೀಲುಗಳು ಸಿಕ್ಕವು. 1970ರ ದಶಕದ ಕೊನೆಯ ಚಿತ್ರವಿರಬೇಕು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದರೆ ಎಲ್ಲರೂ ತೆಳ್ಳಗೆ, ಉದ್ದಕ್ಕೆ ಎಳೆದಂತೆ ಕಾಣುತ್ತಾರೆ. ಬಣ್ಣವೆಲ್ಲ ಕೆಂಪಾಗಿದೆ. ಎರಡು ಡಬ್ಬಿ ತೆರೆದಾಗ ಮೂಗಿಗೆ ಹೊಡೆಯುವ ಹುಳಿ ವಾಸನೆ ಬಂತು. ಜೊತೆಗೆ ಕೊಳವೆಯಂತಹ ಭಾರವಾದ ಒಂದು ಲೆನ್ಸ್ ಕೂಡ ಇದೆ. ಪೇಟೆಯ ವಿಡಿಯೋ ಅಂಗಡಿಯವರು "ಬಿಸಿಲಿಗೆ ಫಿಲ್ಮ್ ಕುಗ್ಗಿಹೋಗಿದೆ, ಏನೂ ಮಾಡಲಾಗುವುದಿಲ್ಲ. ಇದು ಪೆಟ್ರೋಲಿನಂತೆ ಹೊತ್ತಿಕೊಳ್ಳುತ್ತದೆ, ಮನೆಯಲ್ಲಿ ಇಡಬೇಡಿ, ಗುಜರಿಗೆ ಕೊಟ್ಟುಬಿಡಿ" ಎಂದರು. ಪಕ್ಕದ ಮನೆಯವರು ಇದು ಎಪ್ಪತ್ತು ಎಂಎಂ ಎನ್ನುತ್ತಾರೆ. ಅಮ್ಮನಿಗೆ ಇವನ್ನು ಬಿಡಲು ಮನಸ್ಸಿಲ್ಲ. ನಾವು ಏನು ಮಾಡಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ಆತಂಕಗಳು ಒಂದರೊಳಗೊಂದು ಸೇರಿಕೊಂಡಿವೆ. ಮುಖಗಳು ಉದ್ದವಾಗಿ ಕಾಣುತ್ತಿರುವುದು ಒಂದು, ವಾಸನೆ ಮತ್ತು ಬಣ್ಣದ ಬದಲಾವಣೆ ಇನ್ನೊಂದು. ಮೊದಲನೆಯದು ದೋಷವೇ ಅಲ್ಲ. ಆ ಚಿತ್ರವನ್ನು ಮಾಡಿದ ರೀತಿಯೇ ಅದು. ಎರಡನೆಯದು ನಿಜವಾದ ಕಾಯಿಲೆ, ಅದಕ್ಕೆ ಈ ಮಳೆಗಾಲದೊಳಗೆ ಗಮನ ಕೊಡಬೇಕು. ಅಂಗಡಿಯವರು ಎರಡನ್ನೂ ಒಂದೇ ಎಂದು ತಿಳಿದು ಗುಜರಿಯ ದಾರಿ ತೋರಿಸಿದ್ದಾರೆ. ದಯವಿಟ್ಟು ಆ ದಾರಿಗೆ ಹೋಗಬೇಡಿ.

ಫಿಲ್ಮ್ ಕುಗ್ಗುವುದು ಸುಳ್ಳಲ್ಲ, ಆದರೆ ಅದು ಕುಗ್ಗುವ ಪ್ರಮಾಣ ಬಹಳ ಸಣ್ಣದು. ಶೇ 1ರಷ್ಟು ಕುಗ್ಗಿದರೂ ಅದು ಪ್ರೊಜೆಕ್ಟರಿನ ಹಲ್ಲುಗಳಿಗೆ ಸರಿಯಾಗಿ ಕೂರುವುದಿಲ್ಲ. ಅಷ್ಟಾದರೂ 35 ಮಿಲಿಮೀಟರಿನ ಅಗಲದಲ್ಲಿ ಕಡಿಮೆಯಾಗುವುದು 0.35 ಮಿಲಿಮೀಟರ್ ಮಾತ್ರ. ನೀವು ನೋಡಿದಂತೆ ಮುಖಗಳು ಅರ್ಧ ಅಗಲಕ್ಕೆ ಇಳಿಯಬೇಕಾದರೆ ಇಡೀ ಪಟ್ಟಿಯೇ ಹದಿನೇಳೂವರೆ ಮಿಲಿಮೀಟರಿಗೆ ಕುಗ್ಗಿರಬೇಕಿತ್ತು. ಅಗಲದಲ್ಲಿ ಅರ್ಧವಾಗಿ, ಉದ್ದದಲ್ಲಿ ಹಾಗೆಯೇ ಉಳಿಯುವ ಫಿಲ್ಮನ್ನು ನನ್ನ ಇಷ್ಟು ವರ್ಷಗಳ ಕೆಲಸದಲ್ಲಿ ನಾನು ಒಮ್ಮೆಯೂ ಕಂಡಿಲ್ಲ. ನಿಮ್ಮ ಕೈಯಲ್ಲಿರುವುದು ಸಿನಿಮಾಸ್ಕೋಪ್ ಪ್ರಿಂಟ್. ಕ್ಯಾಮೆರಾದ ಮುಂದಿದ್ದ ಲೆನ್ಸ್ ದೃಶ್ಯವನ್ನು ಅಡ್ಡಡ್ಡಲಾಗಿ ಅರ್ಧಕ್ಕೆ ಅಮುಕಿ ಫಿಲ್ಮಿನ ಮೇಲೆ ಕೂರಿಸಿದೆ. ನಿಮ್ಮ ತಂದೆಯವರ ಪ್ರೊಜೆಕ್ಟರಿನ ಮುಂದಿದ್ದ ಲೆನ್ಸ್, ಬಹುಮಟ್ಟಿಗೆ ನಿಮಗೆ ಸಿಕ್ಕಿರುವ ಅದೇ ಭಾರದ ಕೊಳವೆ, ಅದನ್ನು ಪರದೆಯ ಮೇಲೆ ಮತ್ತೆ ಎರಡು ಪಟ್ಟು ಹಿಗ್ಗಿಸುತ್ತಿತ್ತು.

ಇದನ್ನು ಮನೆಯಲ್ಲಿಯೇ ಕಣ್ಣಾರೆ ನೋಡಬಹುದು. ಹೊಳೆಯುವ ಸ್ಟೀಲ್ ಚೊಂಬನ್ನು ನೆಟ್ಟಗೆ ನಿಲ್ಲಿಸಿ ಅದರ ಹೊಟ್ಟೆಯಲ್ಲಿ ನಿಮ್ಮ ಮುಖ ನೋಡಿಕೊಳ್ಳಿ. ಎತ್ತರಕ್ಕಿಂತ ಅಗಲವೇ ಬಹಳ ಕುಗ್ಗಿ ಮುಖ ಸೌತೆಕಾಯಿಯಂತೆ ಕಾಣುತ್ತದೆ. ಒಂದು ದಿಕ್ಕಿನಲ್ಲಿ ಹೆಚ್ಚು ಬಾಗಿದ ಮೇಲ್ಮೈ ಆ ದಿಕ್ಕಿನಲ್ಲಿಯೇ ಬಿಂಬವನ್ನು ಹೆಚ್ಚು ಬದಲಿಸುತ್ತದೆ ಎಂಬುದಷ್ಟೇ ಇದರ ಹಿಂದಿನ ತತ್ವ. ಇನ್ನು ನಿಮ್ಮ ಲೆನ್ಸನ್ನು ಕಣ್ಣಿಗೆ ಹಿಡಿದು ಗೋಡೆಯ ಗಡಿಯಾರವನ್ನು ನೋಡುತ್ತ ನಿಧಾನವಾಗಿ ತಿರುಗಿಸಿ. ದುಂಡಗಿನ ಗಡಿಯಾರ ಒಮ್ಮೆ ನಿಂತ ಮೊಟ್ಟೆಯಂತೆ, ಕಾಲು ಸುತ್ತು ತಿರುಗಿಸಿದ ಮೇಲೆ ಮಲಗಿದ ಮೊಟ್ಟೆಯಂತೆ ಕಂಡರೆ ಅದು ಸ್ಕೋಪ್ ಲೆನ್ಸ್ ಎಂಬುದರಲ್ಲಿ ಅನುಮಾನ ಬೇಡ.

ಈ ಉಪಾಯದ ಮೂಲ ಹಾಲಿವುಡ್ ಅಲ್ಲ, ಫ್ರಾನ್ಸ್. ಆನ್ರಿ ಕ್ರೆತಿಯೆನ್ ಎಂಬ ಖಗೋಳಶಾಸ್ತ್ರಜ್ಞರು 1920ರ ದಶಕದಲ್ಲಿ ಹೈಪರ್‌ಗೊನಾರ್ ಎಂಬ ಹೆಸರಿನ ಈ ಲೆನ್ಸನ್ನು ರೂಪಿಸಿದರು. ದೂರದರ್ಶಕಗಳ ಲೋಕದಲ್ಲಿ ಇಂದಿಗೂ ಬಳಕೆಯಲ್ಲಿರುವ, ಹಬಲ್ ದೂರದರ್ಶಕದಲ್ಲಿಯೂ ಇರುವ ಕನ್ನಡಿ ವಿನ್ಯಾಸಕ್ಕೆ ಹೆಸರು ಕೊಟ್ಟ ಇಬ್ಬರಲ್ಲಿ ಇವರೂ ಒಬ್ಬರು. ಒಂದು ಕಿರುಚಿತ್ರವನ್ನು ಅದರಲ್ಲಿ ತೆಗೆದು ತೋರಿಸಿದರೂ ಆ ಕಾಲದ ಚಿತ್ರೋದ್ಯಮ ಅದನ್ನು ಕೈಗೆತ್ತಿಕೊಳ್ಳಲಿಲ್ಲ. ಇಪ್ಪತ್ತೈದು ವರ್ಷ ಆ ಲೆನ್ಸ್ ಹೆಚ್ಚು ಕಡಿಮೆ ಮೂಲೆಯಲ್ಲೇ ಉಳಿಯಿತು.

ಅದನ್ನು ಮೂಲೆಯಿಂದ ಎಬ್ಬಿಸಿದ್ದು ಟೆಲಿವಿಷನ್ನಿನ ಭಯ. 1950ರ ಹೊತ್ತಿಗೆ ಅಮೆರಿಕದ ಜನ ಮನೆಯಲ್ಲೇ ಕುಳಿತು ನೋಡತೊಡಗಿದ್ದರು, ಚಿತ್ರಮಂದಿರಗಳು ಖಾಲಿಯಾಗುತ್ತಿದ್ದವು. ಮನೆಯ ಪೆಟ್ಟಿಗೆಯಲ್ಲಿ ಸಿಗದ ಏನನ್ನಾದರೂ ಕೊಡಬೇಕಿತ್ತು. 1952ರ ಸೆಪ್ಟೆಂಬರ್ 30ರಂದು ನ್ಯೂಯಾರ್ಕಿನಲ್ಲಿ ಸಿನೆರಾಮಾ ಶುರುವಾದಾಗ ಬಾಗಿದ ದೊಡ್ಡ ಪರದೆಯನ್ನು ಕಂಡು ಜನ ಬೆರಗಾದರು. ಆದರೆ ಅದಕ್ಕೆ ಮೂರು ಪ್ರೊಜೆಕ್ಟರುಗಳು ಏಕಕಾಲಕ್ಕೆ ಓಡಬೇಕಿತ್ತು, ಚಿತ್ರಗಳು ಸೇರುವ ಗೆರೆಗಳು ಕಣ್ಣಿಗೆ ಬೀಳುತ್ತಿದ್ದವು, ಸಾಮಾನ್ಯ ಚಿತ್ರಮಂದಿರಕ್ಕೆ ಆ ಖರ್ಚು ನಿಲುಕುವಂತಿರಲಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಸಂಸ್ಥೆಯ ಅಧ್ಯಕ್ಷ ಸ್ಪೈರೋಸ್ ಸ್ಕೂರಾಸ್ ಫ್ರಾನ್ಸಿಗೆ ಹೋಗಿ, ಆಗ ಎಪ್ಪತ್ತು ದಾಟಿದ್ದ ಕ್ರೆತಿಯೆನ್ ಅವರಿಂದ ಹೈಪರ್‌ಗೊನಾರನ್ನು ಪಡೆದುಕೊಂಡರು. ಫಾಕ್ಸ್ ಅದಕ್ಕೆ ಸಿನಿಮಾಸ್ಕೋಪ್ ಎಂದು ಹೆಸರಿಟ್ಟಿತು. ಅದರ ಮೊದಲ ಚಿತ್ರ "ದಿ ರೋಬ್" 1953ರ ಸೆಪ್ಟೆಂಬರ್ 16ರಂದು ನ್ಯೂಯಾರ್ಕಿನ ರಾಕ್ಸಿ ಚಿತ್ರಮಂದಿರದಲ್ಲಿ ತೆರೆ ಕಂಡಿತು.

ಇದು ಇಷ್ಟು ಬೇಗ ಹರಡಿದ್ದು ಏಕೆ ಎಂದರೆ ಉತ್ತರ ನಿಮ್ಮ ಡಬ್ಬಿಯಲ್ಲಿಯೇ ಇದೆ. ಫಿಲ್ಮ್ ಅದೇ 35 ಎಂಎಂ, ಕ್ಯಾಮೆರಾ ಅದೇ, ಪ್ರೊಜೆಕ್ಟರ್ ಅದೇ. ಮುಂದೆ ಒಂದು ಲೆನ್ಸ್ ಸೇರಿಸಿ ಪರದೆಯನ್ನು ಅಗಲ ಮಾಡಿದರೆ ಮುಗಿಯಿತು. ಆದ್ದರಿಂದಲೇ ಹಳ್ಳಿಯ ಡೇರೆಯಲ್ಲಿ ಪ್ರದರ್ಶನ ಮಾಡುತ್ತಿದ್ದ ನಿಮ್ಮ ತಂದೆಯವರೂ ಅದನ್ನು ತೋರಿಸಲು ಸಾಧ್ಯವಾಯಿತು. ನಿಮ್ಮ ನೆರೆಯವರು ಹೇಳಿದ ಎಪ್ಪತ್ತು ಎಂಎಂ ಬೇರೆಯೇ ವ್ಯವಸ್ಥೆ. ಅಲ್ಲಿ ಫಿಲ್ಮಿನ ಅಗಲವೇ ಎರಡು ಪಟ್ಟು, ಅದಕ್ಕೆ ಬೇರೆ ಪ್ರೊಜೆಕ್ಟರ್ ಬೇಕು, ಸಾಮಾನ್ಯವಾಗಿ ಚಿತ್ರವನ್ನು ಅಮುಕಿರುವುದಿಲ್ಲ. ಎರಡರ ಪರದೆಯೂ ಅಗಲವಾಗಿದ್ದುದರಿಂದ ಜನರ ಬಾಯಲ್ಲಿ ಒಂದಾಗಿಹೋದವು. ಒಂದು ಅಳತೆಪಟ್ಟಿ ಇಟ್ಟು ನೋಡಿದರೆ ಈ ಗೊಂದಲ ಅರೆಕ್ಷಣದಲ್ಲಿ ತೀರುತ್ತದೆ.

ಅಳತೆಪಟ್ಟಿ ಹಿಡಿದ ಮೇಲೆ ಒಂದು ಫ್ರೇಮನ್ನೂ ಅಳೆಯಿರಿ. ಪ್ರೊಜೆಕ್ಟರ್ ತೋರಿಸುತ್ತಿದ್ದ ಭಾಗ ಸುಮಾರು 21.3 ಮಿಲಿಮೀಟರ್ ಅಗಲ, 18.2 ಮಿಲಿಮೀಟರ್ ಎತ್ತರ, ಅಂದರೆ ಹೆಚ್ಚು ಕಡಿಮೆ ಚೌಕ. ಆ ಅಗಲವನ್ನು ಎರಡರಿಂದ ಗುಣಿಸಿ ಎತ್ತರದಿಂದ ಭಾಗಿಸಿದರೆ ಸುಮಾರು 2.35 ಬರುತ್ತದೆ. ಸ್ಕೋಪ್ ಎಂದರೆ 2.35ಕ್ಕೆ 1 ಎಂದು ಪುಸ್ತಕಗಳು ಹೇಳುವುದು ಇದನ್ನೇ. ಆರಂಭದಲ್ಲಿ ಈ ಸಂಖ್ಯೆ 2.55 ಇತ್ತು. ಫಾಕ್ಸ್ ಆಗ ಧ್ವನಿಯನ್ನು ನಾಲ್ಕು ಕಾಂತೀಯ ಪಟ್ಟೆಗಳಲ್ಲಿ ಕೊಡುತ್ತಿತ್ತು, ಆ ಪಟ್ಟೆಗಳಿಗೆ ಜಾಗವಾಗಲೆಂದು ಫಿಲ್ಮಿನ ತೂತುಗಳನ್ನೇ ಕಿರಿದು ಮಾಡಿತ್ತು. ಸಣ್ಣ ಚಿತ್ರಮಂದಿರಗಳ ಮಾಲೀಕರು ಅಷ್ಟು ದುಬಾರಿ ಧ್ವನಿವ್ಯವಸ್ಥೆ ತಮ್ಮಿಂದಾಗದು ಎಂದು ಪಟ್ಟು ಹಿಡಿದಾಗ, 1954ರಲ್ಲಿ ಫಾಕ್ಸ್ ಮಣಿದು ಹಳೆಯ ಬೆಳಕಿನ ಧ್ವನಿಪಟ್ಟಿಯ, ಅಂದರೆ ಧ್ವನಿಯನ್ನು ಚಿತ್ರದ ಪಕ್ಕದಲ್ಲಿಯೇ ಅಚ್ಚು ಮಾಡಿ ಬೆಳಕು ಹಾಯಿಸಿ ಓದುವ, ಪ್ರಿಂಟುಗಳನ್ನೂ ಕೊಡತೊಡಗಿತು. ಆ ಪಟ್ಟಿಗೆ ಒಂದು ಬದಿಯಲ್ಲಿ ಜಾಗ ಬಿಟ್ಟುಕೊಟ್ಟ ಚಿತ್ರ 2.35ಕ್ಕೆ ಇಳಿಯಿತು. 1970ರ ಸುಮಾರಿಗೆ, ಫಿಲ್ಮ್ ಅಂಟಿಸಿದ ಗುರುತುಗಳು ಪರದೆಯ ಮೇಲೆ ಕಾಣದಂತೆ ಫ್ರೇಮಿನ ಎತ್ತರವನ್ನು ಕೂದಲೆಳೆಯಷ್ಟು ಕಡಿಮೆ ಮಾಡಿದ್ದರಿಂದ ಅದು 2.39 ಆಯಿತು. ಇಂದು ನಿಮ್ಮ ಟಿವಿಯಲ್ಲಿ ಮೇಲೆ ಕೆಳಗೆ ಕಪ್ಪು ಪಟ್ಟಿಯೊಂದಿಗೆ ಬರುವ ಹೊಸ ಚಿತ್ರಗಳ ಆಕಾರವೂ ಬಹುತೇಕ ಇದೇ.

ಮೊದಲ ಲೆನ್ಸುಗಳಲ್ಲಿ ಒಂದು ದೊಡ್ಡ ಕುಂದಿತ್ತು. ಅದನ್ನು ಹೇಳಲೇಬೇಕು, ಏಕೆಂದರೆ ಹಳೆಯ ಸ್ಕೋಪ್ ಚಿತ್ರವನ್ನು ಡಿಜಿಟಲ್ ಮಾಡಿಸಿದವರು ನನ್ನ ಬಳಿ ಅದರ ಬಗ್ಗೆ ದೂರು ತರುತ್ತಾರೆ. ಕ್ಯಾಮೆರಾಕ್ಕೆ ಬಹಳ ಹತ್ತಿರ ನಿಂತ ಮುಖವನ್ನು ಆ ಲೆನ್ಸ್ ಪೂರ್ತಿ ಎರಡು ಪಟ್ಟು ಅಮುಕುತ್ತಿರಲಿಲ್ಲ, ಆದರೆ ಪ್ರೊಜೆಕ್ಟರ್ ಮಾತ್ರ ಪೂರ್ತಿ ಎರಡು ಪಟ್ಟು ಹಿಗ್ಗಿಸುತ್ತಿತ್ತು. ಹೀಗಾಗಿ ಸಮೀಪದ ದೃಶ್ಯಗಳಲ್ಲಿ ನಟರ ಕೆನ್ನೆ ಊದಿದಂತೆ ಕಾಣುತ್ತಿತ್ತು. ಅಲ್ಲಿನ ತಂತ್ರಜ್ಞರು ಅದನ್ನು ಮಂಪ್ಸ್ ಎಂದೇ ಕರೆದರು, ನಮ್ಮ ಕಡೆ ಗದ್ದಕಟ್ಟು, ಕೆಪ್ಪಟೆ ಎನ್ನುವ ಅದೇ ಬಾವು. ರಾಬರ್ಟ್ ಗಾಟ್‌ಶಾಕ್ ಅವರ ಪ್ಯಾನವಿಷನ್ ಸಂಸ್ಥೆ 1950ರ ದಶಕದ ಕೊನೆಗೆ ಈ ಕುಂದನ್ನು ನಿವಾರಿಸಿದ ಲೆನ್ಸುಗಳನ್ನು ತಂದಿತು. ಹತ್ತೇ ವರ್ಷಗಳಲ್ಲಿ ಫಾಕ್ಸ್ ಕೂಡ ತನ್ನ ಸ್ವಂತ ವ್ಯವಸ್ಥೆಯನ್ನು ಬಿಟ್ಟು ಅತ್ತ ಹೋಯಿತು. ಮೂಲ ಸಿನಿಮಾಸ್ಕೋಪಿನ ಆಯಸ್ಸು ಅಷ್ಟೇ, 1953ರಿಂದ 1967. ಆದರೆ ನಮ್ಮಲ್ಲಿ ಲೆನ್ಸ್ ಯಾವ ಸಂಸ್ಥೆಯದಾದರೂ ಅಮುಕಿ ಹಿಗ್ಗಿಸುವ ಎಲ್ಲ ಚಿತ್ರಗಳಿಗೂ ಸಿನಿಮಾಸ್ಕೋಪ್ ಎಂಬ ಹೆಸರೇ ಉಳಿದುಕೊಂಡಿತು. ನಿಮ್ಮ ಪ್ರಿಂಟ್ ಆ ಅರ್ಥದಲ್ಲಿ ಸ್ಕೋಪ್.

ಭಾರತದಲ್ಲಿ ಈ ಪದ್ಧತಿಯ ಮೊದಲ ಚಿತ್ರ ಗುರುದತ್ ಅವರ 1959ರ "ಕಾಗಜ್ ಕೆ ಫೂಲ್". ಅದನ್ನು ಚಿತ್ರೀಕರಿಸಿದವರು ನಮ್ಮ ಮೈಸೂರಿನ ವಿ. ಕೆ. ಮೂರ್ತಿ, ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತವರು, ಮುಂದೆ 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕರು. ಖಾಲಿ ಸ್ಟುಡಿಯೋದ ಕತ್ತಲಲ್ಲಿ ಮೇಲಿನಿಂದ ಇಳಿದುಬರುವ ಬೆಳಕಿನ ಕೋಲನ್ನು ಅವರು ಕನ್ನಡಿಗಳಿಂದ ಸೂರ್ಯನ ಬಿಸಿಲನ್ನೇ ಒಳಗೆ ತಿರುಗಿಸಿ ಮಾಡಿದರು. ಅಗಲದ ಚೌಕಟ್ಟಿನಲ್ಲಿ ಆ ಕೋಲಿನ ಎರಡೂ ಕಡೆ ಎಷ್ಟು ಕತ್ತಲು ಉಳಿದಿದೆ ಎಂಬುದನ್ನು ಗಮನಿಸಿದರೆ ಸ್ಕೋಪನ್ನು ಮನಸ್ಸಿಟ್ಟು ಬಳಸುವುದು ಎಂದರೇನು ಎಂದು ತಿಳಿಯುತ್ತದೆ. ದಕ್ಷಿಣಕ್ಕೆ ಇದು ನಿಧಾನವಾಗಿ ಬಂತು. ತಮಿಳಿನಲ್ಲಿ 1973, ತೆಲುಗಿನಲ್ಲಿ 1974, ಕನ್ನಡದಲ್ಲಿ 1977ರ "ಸೊಸೆ ತಂದ ಸೌಭಾಗ್ಯ", ಅದರ ಮರುವರ್ಷ ಮಲಯಾಳಂ. ನಿಮ್ಮ ಡಬ್ಬಿಗಳಲ್ಲಿರುವುದು ಕನ್ನಡ ಸ್ಕೋಪಿನ ಮೊದಮೊದಲ ವರ್ಷಗಳ ಚಿತ್ರ ಎಂಬುದನ್ನು ನೆನಪಿಡಿ.

ಇನ್ನು ಬೆಂಕಿಯ ವಿಷಯ. ಪೆಟ್ರೋಲಿನಂತೆ ಹೊತ್ತಿಕೊಳ್ಳುವ ಫಿಲ್ಮ್ ಇದ್ದದ್ದು ನಿಜ. ಅದು ನೈಟ್ರೇಟ್ ಫಿಲ್ಮ್, ಒಮ್ಮೆ ಹತ್ತಿಕೊಂಡರೆ ನೀರಿನಲ್ಲಿ ಮುಳುಗಿಸಿದರೂ ಆರುವುದಿಲ್ಲ. ಆದರೆ ಕೊಡಾಕ್ ಅದರ ತಯಾರಿಕೆಯನ್ನು 1950ರ ದಶಕದ ಆರಂಭದಲ್ಲಿಯೇ ನಿಲ್ಲಿಸಿತು. ಸಿನಿಮಾಸ್ಕೋಪ್ ಹುಟ್ಟುವ ಹೊತ್ತಿಗೆ ನೈಟ್ರೇಟಿನ ಕಾಲ ಮುಗಿಯುತ್ತಿತ್ತು. 1970ರ ದಶಕದ ಬಣ್ಣದ ಪ್ರಿಂಟಿಗೆ ಆ ಭಯ ಇಲ್ಲ. ನಿಮ್ಮದು ಅಸಿಟೇಟ್ ಫಿಲ್ಮ್; ಹಚ್ಚಿದರೆ ಕಾಗದದಂತೆ ಉರಿಯುತ್ತದೆ, ಅಷ್ಟೇ. ಪರೀಕ್ಷೆ ಮಾಡಲೆಂದು ತುಂಡು ಕತ್ತರಿಸಿ ಕಡ್ಡಿ ಗೀರುವ ಅಭ್ಯಾಸ ಕೆಲವರಿಗಿದೆ, ಅದನ್ನು ಮಾತ್ರ ಮಾಡಬೇಡಿ.

ಹುಳಿ ವಾಸನೆಯೇ ನಿಜವಾದ ಎಚ್ಚರಿಕೆ. ಅಸಿಟೇಟ್ ಫಿಲ್ಮ್ ಸೆಕೆ ಮತ್ತು ತೇವಕ್ಕೆ ನಿಧಾನವಾಗಿ ಒಡೆಯುತ್ತ ಅಸಿಟಿಕ್ ಆಮ್ಲವನ್ನು ಬಿಡುತ್ತದೆ, ವಿನೆಗರಿನಲ್ಲಿರುವುದೂ ಅದೇ. ಹೊರಬಂದ ಆಮ್ಲ ಮತ್ತಷ್ಟು ಒಡೆತಕ್ಕೆ ಕಾರಣವಾಗುತ್ತದೆ. ಆದ್ದರಿಂದ ಒಮ್ಮೆ ಹಿಡಿದ ಮೇಲೆ ವೇಗ ಏರುತ್ತದೆಯೇ ಹೊರತು ತಾನಾಗಿ ನಿಲ್ಲುವುದಿಲ್ಲ. 21 ಡಿಗ್ರಿ ಉಷ್ಣತೆ, ಶೇ 50ರಷ್ಟು ತೇವವಿರುವ ಕೋಣೆಯಲ್ಲಿ ಹೊಸ ಅಸಿಟೇಟ್ ಫಿಲ್ಮಿಗೆ ಈ ಕಾಯಿಲೆ ಕಾಣಿಸಿಕೊಳ್ಳಲು ಸುಮಾರು 40 ವರ್ಷ ಬೇಕು. ಮಲೆನಾಡಿನ ಹೆಂಚಿನ ಮಾಡಿನ ಕೆಳಗೆ, ಬೇಸಿಗೆಯ ಕಾವು ಮತ್ತು ಜೂನ್‌ನಿಂದಾಚೆಯ ತೇವ ಎರಡನ್ನೂ ತಿಂದ ನಿಮ್ಮ ಎಂಟರಲ್ಲಿ ಎರಡೇ ಡಬ್ಬಿ ವಾಸನೆ ಬರುತ್ತಿರುವುದು ನಿಮ್ಮ ಅದೃಷ್ಟ ಎಂದೇ ಹೇಳುತ್ತೇನೆ. ಕೆಂಪು ಬಣ್ಣದ ಕಾರಣ ಬೇರೆ. ಆ ಕಾಲದ ಬಣ್ಣದ ಪ್ರಿಂಟುಗಳಲ್ಲಿ ಮೂರು ವರ್ಣಪದರಗಳಿದ್ದು, ಹಸಿರುನೀಲಿಯ ಪದರ ಕತ್ತಲಲ್ಲಿ ಇಟ್ಟರೂ ಬೇಗ ಮಾಸುತ್ತದೆ, ಕೆನ್ನೇರಳೆಯದು ಗಟ್ಟಿಯಾಗಿ ಉಳಿಯುತ್ತದೆ. ಹೋದ ಬಣ್ಣವನ್ನು ಫಿಲ್ಮಿಗೆ ಮರಳಿ ತರುವಂತಿಲ್ಲ. ಸ್ಕ್ಯಾನ್ ಮಾಡಿದ ಮೇಲೆ ಉಳಿದ ಚೂರುಪಾರನ್ನು ಕಂಪ್ಯೂಟರಿನಲ್ಲಿ ಎತ್ತಿಹಿಡಿದು ಸಮತೋಲ ತರಬಹುದು. ಎಷ್ಟು ಮಾಸಿದೆ ಎಂಬುದರ ಮೇಲೆ ಫಲಿತಾಂಶ ನಿಂತಿದೆ.

ಈ ವಾರವೇ ಮಾಡಬೇಕಾದದ್ದು ಇಷ್ಟು. ವಾಸನೆಯ ಎರಡು ಡಬ್ಬಿಗಳನ್ನು ಉಳಿದವುಗಳಿಂದ ದೂರ, ಬೇರೆ ಕೋಣೆಯಲ್ಲಿಡಿ. ಆ ಆವಿ ಪಕ್ಕದ ರೀಲಿಗೂ ತಾಗುತ್ತದೆ. ತುಕ್ಕು ಹಿಡಿದ ತಗಡಿನ ಬದಲು ಗಾಳಿಯಾಡುವ ಪ್ಲಾಸ್ಟಿಕ್ ಡಬ್ಬಿಗಳಿಗೆ ವರ್ಗಾಯಿಸಿ, ಆದರೆ ಹಳೆಯ ಡಬ್ಬಿಯ ಚೀಟಿ, ಬರಹ ಏನಿದ್ದರೂ ಬಿಸಾಡಬೇಡಿ. ಅಟ್ಟ ಬೇಡ, ನೆಲಕ್ಕೆ ತಾಗುವ ಮೂಲೆಯೂ ಬೇಡ. ಮನೆಯ ಅತ್ಯಂತ ತಂಪಾದ, ಒಣಗಿದ ಕಪಾಟು ಸಾಕು. ಅಡುಗೆಮನೆಯ ಫ್ರಿಜ್ಜಿಗೆ ಮಾತ್ರ ಹಾಕಬೇಡಿ, ಹೊರತೆಗೆದಾಗ ಬೆವರುವ ನೀರು ಫಿಲ್ಮಿನ ಪದರವನ್ನೇ ಎಬ್ಬಿಸುತ್ತದೆ. ಪ್ರತಿ ರೀಲಿನ ತುದಿಯನ್ನು ಮೇಜಿನ ಮೇಲೆ ಎಳೆಯದೆ ಹಾಸಿ ನೂರು ತೂತುಗಳ ಉದ್ದವನ್ನು ಅಳೆಯಿರಿ. ಸರಿಯಿರುವ ಪ್ರಿಂಟಿನಲ್ಲಿ ಅದು 475 ಮಿಲಿಮೀಟರ್. 470ಕ್ಕೆ ಬಂದಿದ್ದರೆ ಶೇ 1 ಕುಗ್ಗಿದೆ ಎಂದರ್ಥ, ಅಂತಹ ರೀಲನ್ನು ಯಾವ ಕಾರಣಕ್ಕೂ ಪ್ರೊಜೆಕ್ಟರಿಗೆ ಏರಿಸಬಾರದು.

ಮುಂದಿನ ದಾರಿಗಳಲ್ಲಿ ನನ್ನ ಒಲವು ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದ ಕಡೆಗಿದೆ. 1964ರಲ್ಲಿ ಶುರುವಾಗಿ ಈಗ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮ, ಅಂದರೆ ಎನ್‌ಎಫ್‌ಡಿಸಿಯ ಭಾಗವಾಗಿರುವ ಆ ಸಂಸ್ಥೆಗೆ ಚಿತ್ರದ ಹೆಸರು, ರೀಲುಗಳ ಸಂಖ್ಯೆ, ಅಳತೆ, ವಾಸನೆಯ ಸ್ಥಿತಿಯನ್ನು ಬರೆದು ಕೇಳಿ. ತಂಪು ಉಗ್ರಾಣ ಯಾವ ಮನೆಯಲ್ಲಿಯೂ ಇರುವುದಿಲ್ಲ, ಅಸಿಟೇಟಿಗೆ ಆಯಸ್ಸು ಕೊಡುವುದು ಅದೊಂದೇ. ಕೊಡುವಾಗ ಷರತ್ತುಗಳನ್ನು ಬರಹದಲ್ಲಿ ಮಾಡಿಕೊಳ್ಳಿ, ನಿಮ್ಮ ಕುಟುಂಬಕ್ಕೆ ನೋಡಲು ಪ್ರತಿ ಸಿಗುತ್ತದೆಯೇ ಎಂದು ಮೊದಲೇ ಕೇಳಿ. ಕೊಟ್ಟ ರೀಲು ಮರಳಿ ಕೈಗೆ ಬರುವುದಿಲ್ಲ ಎಂದೇ ಅಮ್ಮನಿಗೆ ತಿಳಿಸಿ ಒಪ್ಪಿಗೆ ಪಡೆಯಿರಿ. ಮುಂಬೈಯ ಫಿಲ್ಮ್ ಹೆರಿಟೇಜ್ ಫೌಂಡೇಷನ್ ಕೂಡ ಇದೇ ಕೆಲಸದಲ್ಲಿರುವ ಸಂಸ್ಥೆ. ಸಾವಿರ ಅಡಿಯ ಒಂದು ರೀಲು ಹನ್ನೊಂದು ನಿಮಿಷ ಓಡುತ್ತದೆ, ಆ ಲೆಕ್ಕಕ್ಕೆ ನಿಮ್ಮ ಎಂಟು ರೀಲುಗಳು ಸುಮಾರು ಒಂದೂವರೆ ಗಂಟೆ. ಎರಡೂವರೆ ಗಂಟೆಯ ಚಿತ್ರಕ್ಕೆ ಹದಿನಾಲ್ಕಾದರೂ ಬೇಕು. ಪೂರ್ತಿ ಇಲ್ಲವೆಂದು ಹಿಂಜರಿಯಬೇಡಿ. ಮೂಲ ನೆಗೆಟಿವ್ ಉಳಿಯದ ಕನ್ನಡ ಚಿತ್ರಗಳಿಗೆ ಇಂತಹ ಅರೆಬರೆ ಪ್ರಿಂಟೇ ಕೊನೆಯ ಆಧಾರವಾಗುವುದುಂಟು.

ಖಾಸಗಿಯಾಗಿ ಸ್ಕ್ಯಾನ್ ಮಾಡಿಸುವುದಾದರೆ ಹಲ್ಲುಗಾಲಿ ಇಲ್ಲದೆ ಫಿಲ್ಮನ್ನು ನಡೆಸುವ ಯಂತ್ರವಿದೆಯೇ ಎಂದು ಮೊದಲು ವಿಚಾರಿಸಿ. ಕುಗ್ಗಿದ ಫಿಲ್ಮಿನ ತೂತುಗಳನ್ನು ಹಲ್ಲುಗಾಲಿ ಹರಿದುಬಿಡುತ್ತದೆ. ಫ್ರೇಮನ್ನು ಅಂಚಿನಿಂದ ಅಂಚಿಗೆ, ಧ್ವನಿಪಟ್ಟಿ ಸಮೇತ, ಅಮುಕಿದ ಸ್ಥಿತಿಯಲ್ಲಿಯೇ ಒಂದು ಪ್ರತಿ ಉಳಿಸಿ, ಹಿಗ್ಗಿಸಿದ ಪ್ರತಿಯನ್ನು ಬೇರೆ ಮಾಡಿಕೊಡಲು ಹೇಳಿ. ಟಿವಿ ತುಂಬ ಬರಲಿ ಎಂದು ಬದಿಗಳನ್ನು ಕತ್ತರಿಸುವವರಿಗೆ ಒಪ್ಪಬೇಡಿ. ಇಂದಿನ ಟಿವಿಯ ಆಕಾರಕ್ಕೆ ತುಂಬಿಸಿದರೆ ಸ್ಕೋಪ್ ಚಿತ್ರದ ಕಾಲು ಭಾಗ ಹೋಗುತ್ತದೆ, ಹಳೆಯ ಚೌಕ ಟಿವಿಗೆ ತುಂಬಿಸುತ್ತಿದ್ದಾಗ ಶೇ 43ರಷ್ಟು ಹೋಗುತ್ತಿತ್ತು. ಹಳೆಯ ವಿಸಿಡಿಗಳಲ್ಲಿ ಮಾತನಾಡುವವರಲ್ಲಿ ಒಬ್ಬರ ಮೂಗು ಮಾತ್ರ ಅಂಚಿನಲ್ಲಿ ಕಾಣುತ್ತಿದ್ದುದು ಇದರಿಂದಲೇ. ಇನ್ನೊಂದು ಮಾತು: ಪ್ರಿಂಟ್ ನಿಮ್ಮದಾದರೂ ಚಿತ್ರದ ಹಕ್ಕು ನಿಮ್ಮದಲ್ಲ. ನಮ್ಮ ಕಾನೂನಿನಲ್ಲಿ ಬಿಡುಗಡೆಯ ಮರುವರ್ಷದಿಂದ 60 ವರ್ಷ ಹಕ್ಕು ನಡೆಯುತ್ತದೆ. 1978ರ ಚಿತ್ರವಾದರೆ 2038ರ ಕೊನೆಯವರೆಗೂ ನಿರ್ಮಾಪಕರ ಅನುಮತಿಯಿಲ್ಲದೆ ಸಾರ್ವಜನಿಕವಾಗಿ ಹಾಕುವಂತಿಲ್ಲ.

ಗುಜರಿಯವರು ಫಿಲ್ಮನ್ನು ಕೇಳುತ್ತಿದ್ದುದು ಅದರೊಳಗಿನ ಬೆಳ್ಳಿಗಾಗಿ, ಅದೂ ಕಪ್ಪುಬಿಳುಪಿನ ಫಿಲ್ಮಿನದು. ಬಣ್ಣದ ಪ್ರಿಂಟಿನ ಚಿತ್ರಭಾಗದಲ್ಲಿ ಬೆಳ್ಳಿಯನ್ನು ಸಂಸ್ಕರಣೆಯಲ್ಲಿಯೇ ತೆಗೆದಿರುತ್ತಾರೆ, ಧ್ವನಿಪಟ್ಟಿಯಲ್ಲಿ ಮಾತ್ರ ಒಂದಿಷ್ಟು ಉಳಿದಿರುತ್ತದೆ. ನಿಮಗೆ ಅಲ್ಲಿ ಸಿಗುವುದು ಏನೂ ಇಲ್ಲ.

ಅಷ್ಟರಲ್ಲಿ ಅಮ್ಮನಿಗೆ ಒಂದೆರಡು ಚಿತ್ರಗಳನ್ನಾದರೂ ತೋರಿಸಬಹುದು. ವಾಸನೆಯಿಲ್ಲದ ರೀಲಿನ ಹೊರಸುತ್ತಿನಿಂದ, ಹತ್ತಿಯ ಕೈಗವಸು ಹಾಕಿ, ಅಂಚನ್ನಷ್ಟೇ ಹಿಡಿದು ಒಂದಡಿಯಷ್ಟು ಬಿಚ್ಚಿ. ಬಿಳಿ ಪರದೆ ತೋರಿಸುವ ಒಂದು ಮೊಬೈಲಿನ ಮೇಲೆ ಒಂದು ಬೆರಳಿನಷ್ಟು ಅಂತರ ಬಿಟ್ಟು ಹಿಡಿದು, ಇನ್ನೊಂದು ಮೊಬೈಲಿನಿಂದ ಹತ್ತಿರದಿಂದ ಫೋಟೋ ತೆಗೆಯಿರಿ. ಬಲ್ಬಿನ ಕಾವು ಮಾತ್ರ ತಾಗಬಾರದು. ಆ ಫೋಟೋದ ಎತ್ತರ ಮುಟ್ಟದೆ ಅಗಲವನ್ನು ಮಾತ್ರ ಎರಡು ಪಟ್ಟು ಮಾಡಿ. ನಾಯಕಿಯ ಹಣೆಯ ಮೇಲೆ ಉದ್ದವಾಗಿ ನಿಂತಿದ್ದ ಕುಂಕುಮ ದುಂಡಗಾದರೆ ಲೆಕ್ಕ ಸರಿಯಾಗಿದೆ. ಹಾಗೆ ಸರಿಬಂದ ಅಳತೆಯನ್ನು ಒಂದು ಚೀಟಿಯಲ್ಲಿ ಬರೆದು ಲೆನ್ಸಿನ ಕೊರಳಿಗೆ ಕಟ್ಟಿ. ಹಳೆಯ ಸ್ಕೋಪ್ ಲೆನ್ಸುಗಳನ್ನು ವಿಡಿಯೋ ಮಾಡುವ ಹುಡುಗರು ಒಳ್ಳೆಯ ಬೆಲೆ ಕೊಟ್ಟು ಕೇಳಿಕೊಂಡು ಬರುತ್ತಾರೆ, ಆದರೆ ರೀಲುಗಳು ಎಲ್ಲಿಗೆ ಹೋಗುತ್ತವೆ ಎಂದು ತೀರ್ಮಾನವಾಗುವವರೆಗೆ ಲೆನ್ಸನ್ನು ಅವುಗಳ ಜೊತೆಯಿಂದ ಬೇರೆ ಮಾಡಬೇಡಿ.